ಹಾಲ್ದಿಸ್ ರಾಣಿಯ ಮದುವೆಗಳು

ವೆಸ್ತರ್ಬಿ ಕನ್ಯಾಮಠ, ಡೆನ್ಮಾರ್ಕ್
ಸಂತ ಮಿಕಾಯೇಲನ ಹಬ್ಬದ ಮರುದಿನ

ಮಗಳು ಸುನ್ನಿವಾಗೆ,

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಇದು ನನ್ನದೇ ಕೈ. ಈ ಹತ್ತು ವರ್ಷದಲ್ಲಿ ನನ್ನ ಹೆಸರಿನಲ್ಲಿ ನಿನಗೆ ಬಂದ ಪತ್ರಗಳನ್ನೆಲ್ಲ ಬರೆದವನು ನನ್ನ ಗಂಡನ ಪಾದ್ರಿ. ನಾನು ಒಂದು ಹೇಳಿದರೆ ಅವನು ಇನ್ನೊಂದು ಬರೆದು, ಕೊನೆಗೆ ‘ಎಲ್ಲವೂ ದೇವರ ಚಿತ್ತ’ ಎಂದು ಸೇರಿಸಿ ಮೇಣದ ಮುದ್ರೆ ಒತ್ತುತ್ತಿದ್ದ. ಇಲ್ಲಿಗೆ ಬಂದ ಮೇಲೆ, ಮೂವತ್ನಾಲ್ಕನೇ ವಯಸ್ಸಿನಲ್ಲಿ, ಮಠದ ಪುಟ್ಟ ಹುಡುಗಿಯರ ಜೊತೆ ಕೂತು ಅಕ್ಷರ ತಿದ್ದಿದೆ. ತಪ್ಪು ಬರೆದರೆ ನನಗೂ ಬೆರಳ ಗಂಟಿಗೆ ಏಟು ಬೀಳುತ್ತಿತ್ತು. ರಾಣಿಯೆಂದು ಯಾರೂ ರಿಯಾಯಿತಿ ತೋರಿಸಲಿಲ್ಲ. ಅದು ನನಗೆ ಇಷ್ಟವಾಯಿತು.

ನಿನ್ನಪ್ಪನ ನಂತರ ನನ್ನನ್ನು ಕಟ್ಟಿಕೊಂಡ ತೋಕೆ ರಾಜ ತೀರಿಕೊಂಡ ಸುದ್ದಿ ನಾರ್ವೆಗೆ ಮುಟ್ಟಿರಬೇಕು. ಅವನ ಮೊದಲ ಹೆಂಡತಿಯ ಮಗ ಈಗ ಸಿಂಹಾಸನದ ಮೇಲಿದ್ದಾನೆ. ಅಪ್ಪನನ್ನು ಮಣ್ಣು ಮಾಡಿದ ವಾರದಲ್ಲೇ ನನ್ನ ಸೊಂಟದಿಂದ ಅರಮನೆಯ ಬೀಗದ ಕೈಗಳನ್ನು ಬಿಚ್ಚಿಸಿಕೊಂಡು, ಎರಡು ಪೆಟ್ಟಿಗೆ ಮತ್ತು ಒಬ್ಬ ಮುದಿ ಸೇವಕಿಯ ಜೊತೆ ನನ್ನನ್ನು ಇಲ್ಲಿಗೆ ಸಾಗಹಾಕಿದ. “ನಿಮ್ಗೂ ನೆಮ್ಮದಿ, ನಮ್ಗೂ ನೆಮ್ಮದಿ” ಅಂದ. ಆ ಹುಡುಗನ ಬಾಯಿಂದ ನಾನು ಕೇಳಿದ ಮೊದಲ ನಿಜ ಅದು.

ಇಲ್ಲಿನ ಹಿರಿಯಮ್ಮ ಬೋಥಿಲ್ ನನಗೆ ಸನ್ಯಾಸದ ಮುಸುಕು ಹಾಕಿಕೊಳ್ಳಲು ಹೇಳುತ್ತಿದ್ದಾರೆ. ಬರುವ ಈಸ್ಟರ್ ಹಬ್ಬಕ್ಕೆ ಆಗಲಿ ಎಂದಿದ್ದೇನೆ. ಮುಸುಕು ತಲೆಯ ಮೇಲೆ ಬಿದ್ದ ಮೇಲೆ ನಾನು ಮಠದ ಗೋಡೆ ದಾಟುವಂತಿಲ್ಲ. ಗೋಡೆಯ ಆಚೆಯವರೂ ನನ್ನನ್ನು ಮುಟ್ಟುವಂತಿಲ್ಲ. ಯಾವ ಗಂಡಸೂ ಇನ್ನೊಬ್ಬ ಗಂಡಸಿನ ಕೈಹಿಡಿದು ನನ್ನ ಮದುವೆ ಗೊತ್ತುಮಾಡುವಂತಿಲ್ಲ. ಆ ದಿನಕ್ಕೆ ಕಾಯುತ್ತಿದ್ದೇನೆ.

ನಿನಗೆ ಹದಿನೇಳು ತುಂಬಿತು. ಎಷ್ಟು ಎತ್ತರವಾಗಿದ್ದೀಯೋ, ಯಾರ ಮೂಗು ಬಂದಿದೆಯೋ ಗೊತ್ತಿಲ್ಲ. ಅಪ್ಪನ ಮೂಗು ಬಂದಿರದಿದ್ದರೆ ಸಾಕು. ಎರಡು ಸಾಲು ಬರೆಸು.

ನಿನ್ನ ತಾಯಿ
ಹಾಲ್ದಿಸ್

*

ಬೆರ್ಗೆನ್ ರಾಜಸದನ, ನಾರ್ವೆ
ಸಂತ ಮಾರ್ಟಿನನ ಹಬ್ಬ

ಡೇನರ ದಿವಂಗತ ಮಹಾರಾಜರ ಧರ್ಮಪತ್ನಿಯೂ ನಮ್ಮ ಮಾತೃಶ್ರೀಯವರೂ ಆದ ಹಾಲ್ದಿಸ್ ಮಹಾರಾಣಿಯವರ ಸನ್ನಿಧಿಗೆ, ಅಸ್ಲಾಕ್ ಮಹಾರಾಜರ ಪುತ್ರಿ ಸುನ್ನಿವಾ ಮಾಡುವ ವಂದನೆಗಳು.

ತಾವು ಕಳುಹಿಸಿದ ಪತ್ರ ತಲುಪಿತು. ಇಲ್ಲಿ ನಾವೆಲ್ಲರೂ ಕ್ಷೇಮ. ನಮ್ಮ ಚಿಕ್ಕಪ್ಪನವರಾದ ತೋರ್ಗಿಲ್ಸ್ ಮಹಾರಾಜರ ಕೃಪೆಯಿಂದ ನಮಗೆ ಯಾವ ಕೊರತೆಯೂ ಇಲ್ಲ. ಸಂತೋಷದ ಸಮಾಚಾರವೊಂದಿದೆ. ಸ್ವೀಡನ್ನಿನ ಅಲ್ಗೋತ್ ಮಹಾರಾಜರು ಪತ್ನೀವಿಯೋಗದಿಂದ ದುಃಖಿತರಾಗಿದ್ದು, ಎರಡು ರಾಜ್ಯಗಳ ಸ್ನೇಹದ ಸಲುವಾಗಿ ನಮ್ಮನ್ನು ವರಿಸಲು ಒಪ್ಪಿರುತ್ತಾರೆ. ವಸಂತದಲ್ಲಿ, ಗಡಿಯ ನದೀಮುಖದಲ್ಲಿ, ಉಭಯ ರಾಜರೂ ಕೂಡಿ ನಿಶ್ಚಿತಾರ್ಥ ನಡೆಯಲಿದೆ. ತಾವು ದೂರದಿಂದಲೇ ಹರಸಬೇಕು. ಎಲ್ಲವೂ ದೇವರ ಚಿತ್ತ.

ಸುನ್ನಿವಾ
(ಪಾದ್ರಿ ಬ್ರೂನೊಲ್ಫನ ಹಸ್ತಾಕ್ಷರ)

(ಅದೇ ಹಡಗಿನಲ್ಲಿ, ಒಣಮೀನಿನ ಮೂಟೆಯೊಳಗೆ ಬಂದದ್ದು. ಮರದ ಕಡ್ಡಿಯ ಮೇಲೆ ಚಾಕುವಿನಿಂದ ಕೊರೆದಿದೆ.)

ಅಮ್ಮ, ನನಗೆ ಬೇಡ. ಅವನಿಗೆ ಐವತ್ತು. ಇಬ್ಬರು ಹೆಂಡಿರನ್ನು ಹೂತಿದ್ದಾನೆ. ಚಿಕ್ಕಪ್ಪನ ಹತ್ತಿರ ಅತ್ತೆ, ಪ್ರಯೋಜನವಿಲ್ಲ. ನಿನ್ನ ಮುಖ ನೆನಪಿಲ್ಲ. ಆದರೆ ಬೇರೆ ಯಾರನ್ನು ಕೇಳಲಿ. ಸು.

*

ವೆಸ್ತರ್ಬಿ ಕನ್ಯಾಮಠ
ಸಂತ ಲೂಸಿಯಳ ಹಬ್ಬ

ಸುನ್ನಿವಾ,

ನಿನ್ನ ಕಡ್ಡಿಯನ್ನು ಒಲೆಗೆ ಹಾಕಿದೆ. ಈ ಪತ್ರವನ್ನೂ ಓದಿ ಸುಟ್ಟುಬಿಡು. ತಂದವನು ತುಪ್ಪಳದ ವ್ಯಾಪಾರಿ. ಓದು ಬಾರದವನು, ಹಾಗಾಗಿ ನಂಬಬಹುದು.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೋ. ಅಲ್ಗೋತನಿಗೆ ಬೇಕಾಗಿರುವುದು ನೀನಲ್ಲ. ನನ್ನ ಕಥೆ ಹೇಳಿದರೆ ಅದು ನಿನಗೆ ತಿಳಿಯುತ್ತದೆ.

ನಿನ್ನಪ್ಪ ಅಸ್ಲಾಕ್ ನಮ್ಮಣ್ಣನ ಹಡಗು ಸುಟ್ಟಿದ್ದ. ನಮ್ಮಪ್ಪ ನಿನ್ನಪ್ಪನ ಎರಡು ಹಳ್ಳಿ ಸುಟ್ಟಿದ್ದ. ಸುಡಲು ಇನ್ನೇನೂ ಉಳಿಯದಿದ್ದಾಗ ಇಬ್ಬರಿಗೂ ಶಾಂತಿ ನೆನಪಾಯಿತು, ಆಮೇಲೆ ನಾನು ನೆನಪಾದೆ. ನನಗೆ ಹದಿನೈದು. ಮದುವೆಯ ಊಟದಲ್ಲಿ ನಿನ್ನಪ್ಪ ಕೂತಲ್ಲೇ ನಿದ್ದೆ ಹೋದ. ಜನ ಅವನನ್ನು ಎಬ್ಬಿಸಿ, ದೀಪ ಹಿಡಿದು, ನಮ್ಮಿಬ್ಬರನ್ನೂ ಹಾಸಿಗೆಯವರೆಗೆ ನಡೆಸಿಕೊಂಡು ಬಂದು, ಒಂದೇ ಹೊದಿಕೆಯಡಿ ಮಲಗಿದ್ದನ್ನು ಕಣ್ಣಾರೆ ಕಂಡು ಹೋದರು. ಅವನು ನನ್ನನ್ನು ಸತ್ತ ಹೆಂಡತಿಯ ಹೆಸರಿನಿಂದ ಕರೆದ. ನೀನು ಹುಟ್ಟುವವರೆಗೂ ಹಾಗೆಯೇ ಕರೆಯುತ್ತಿದ್ದ. ಕೆಟ್ಟವನಲ್ಲ, ಮುದುಕ.

ಬೆಳಗಾದ ಮೇಲೆ ಗಂಡ ಹೆಂಡತಿಗೆ ಕೊಡುವ ಬೆಳಗಿನ ಕೊಡುಗೆ ಇದೆಯಲ್ಲ, ಅದಕ್ಕೆ ನಿನ್ನಪ್ಪ ನದೀಮುಖದ ದ್ವೀಪಗಳನ್ನು ಕೊಟ್ಟ. ಬಲೆ ಬೀಸಿದರೆ ರಾಶಿ ರಾಶಿ ಹೆರಿಂಗ್ ಮೀನು, ಅದರಿಂದಲೇ ಹಣ. ಆ ದ್ವೀಪಗಳು ಇವತ್ತಿಗೂ ನನ್ನವು, ನಾನು ಸತ್ತರೆ ಅಥವಾ ಮುಸುಕು ಹಾಕಿದರೆ ನಿನ್ನವು. ನಿನ್ನ ಮದುವೆ ಎಂದರೆ ಆ ದ್ವೀಪಗಳ ಮದುವೆ. ನೀನು ಅವುಗಳ ಜೊತೆ ಹೋಗುವ ಬುಟ್ಟಿ, ಅಷ್ಟೇ.

ಎರಡನೆಯದು ನಿನಗೂ ಸ್ವಲ್ಪ ಗೊತ್ತಿರಬೇಕು. ನಿನ್ನಪ್ಪ ಸತ್ತ ವರ್ಷ ತೋಕೆ ಬೆರ್ಗೆನ್ನಿಗೆ ಬಂದ. ಅವನೂ ನಿನ್ನ ಚಿಕ್ಕಪ್ಪನೂ ಒಳಗೆ ಕುಡಿಯುತ್ತಿದ್ದರು. ನಾನು ಹೊರಗೆ ಬೆಣ್ಣೆ ಕಡೆಯುವವರ ಹತ್ತಿರ ನಿಂತಿದ್ದೆ. ತೋರ್ಗಿಲ್ಸ್ ಬಾಗಿಲಿಗೆ ಬಂದು, “ಅತ್ಗೆ, ನಿಮ್ ಮದ್ವೆ ಗೊತ್ತಾಯ್ತು. ಬಟ್ಟೆ ಕಟ್ಕೊಳ್ಳಿ” ಅಂದ. “ಕೂಸು?” ಅಂದೆ. “ಕೂಸ್ ಇಲ್ಲೇ ಇರ್ಲಿ ಬಿಡಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಇವ್ಳು ನಮ್ ಕುಲದೋಳು” ಅಂದ. ಅಷ್ಟೇ. ತೋಕೆ ನನ್ನ ಜೊತೆ ಆಡಿದ ಮಾತಿಗಿಂತ ನಾಯಿಗಳ ಜೊತೆ ಆಡಿದ್ದೇ ಹೆಚ್ಚು. ಅವನಿಗೆ ಹೆತ್ತ ಎರಡು ಗಂಡುಮಕ್ಕಳೂ ಹಾಲು ಬಿಡುವ ಮೊದಲೇ ಹೋದವು. ಅವನು ಮರುವಾರ ಬೇಟೆಗೆ ಹೋದ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಒಂದು ದಾರಿಯಿದೆ.

ತೋಕೆಯ ಆಸ್ಥಾನಕ್ಕೆ ಒಮ್ಮೆ ಒಬ್ಬ ಕಮ್ಮಾರ ದೂರು ತಂದಿದ್ದ. ಅವನೊಬ್ಬ ವಿಧುರ. ಗ್ಯೂದಾ ಎಂಬ ವಿಧವೆಯನ್ನು ಅವಳ ಅಣ್ಣ ಇವನಿಗೆ ಗೊತ್ತುಮಾಡಿದ್ದ. ಅವಳಿಗೆ ಇಷ್ಟವಿರಲಿಲ್ಲ. ಬಿಷಪರು ಊರಿಗೆ ಬಂದು ಮಕ್ಕಳ ಹಣೆಗೆ ಎಣ್ಣೆ ಹಚ್ಚಿ ದೃಢೀಕರಣದ ಸಂಸ್ಕಾರ ಮಾಡುತ್ತಿದ್ದಾಗ ಅವಳು ಕಮ್ಮಾರನ ಮಗನನ್ನು ಹಿಡಿದುಕೊಂಡು ಮುಂದೆ ನಿಂತಳು. ಆ ಹೊತ್ತಿನಲ್ಲಿ ಮಗು ಯಾರ ಪಾದದ ಮೇಲೆ ಪಾದವಿಟ್ಟು ನಿಲ್ಲುತ್ತದೋ ಅವಳು ಮಗುವಿನ ಜ್ಞಾನತಾಯಿ. ಚರ್ಚಿನ ಕಟ್ಟಳೆಯಲ್ಲಿ ಜ್ಞಾನತಾಯಿಗೂ ಮಗುವಿನ ಅಪ್ಪನಿಗೂ ರಕ್ತಸಂಬಂಧ ಇದ್ದ ಹಾಗೆ. ಇನ್ನು ಸಾಯುವ ತನಕ ಮದುವೆ ನಡೆಯುವಂತಿಲ್ಲ. ಕಮ್ಮಾರ ಎದೆ ಬಡಿದುಕೊಂಡ. ತೋಕೆ ಮೂಗಿನಿಂದ ಬಿಯರು ಬರುವ ಹಾಗೆ ನಕ್ಕ. ನಾನು ಒಳಕೋಣೆಗೆ ಹೋಗಿ ಸೆರಗು ಕಚ್ಚಿಕೊಂಡು ಅತ್ತೆ. ಯಾಕೆಂದರೆ ನನ್ನನ್ನು ತೋಕೆಗೆ ಗೊತ್ತುಮಾಡಿದ ವಾರ ಬಿಷಪರು ಬೆರ್ಗೆನ್ನಿನಲ್ಲೇ ಇದ್ದರು. ತೋಕೆಯ ಮಗ ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದ. ನನಗೆ ಯಾರೂ ಹೇಳಿರಲಿಲ್ಲ.

ಅಲ್ಗೋತನಿಗೆ ಚಿಕ್ಕ ಮಗುವಿದೆಯೇ, ವಿಚಾರಿಸು. ನದೀಮುಖಕ್ಕೆ ಇಬ್ಬರು ರಾಜರು ಬಂದರೆ ಬಿಷಪರೂ ಬರುತ್ತಾರೆ. ಬಿಷಪರು ಬಂದಲ್ಲಿ ಮಕ್ಕಳ ಸಾಲು ಇದ್ದೇ ಇರುತ್ತದೆ. ಉಳಿದದ್ದು ನಿನ್ನ ಧೈರ್ಯ. ಯಾರಿಗೂ ಬಾಯಿ ಬಿಡಬೇಡ, ದಾದಿಗೂ.

ಈಸ್ಟರ್ ದಿನ ನನ್ನ ಮುಸುಕು. ನಿನಗಾಗಿ ಪ್ರಾರ್ಥಿಸುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ನಿನ್ನ ತಾಯಿ
ಹಾಲ್ದಿಸ್

*

(ಮರದ ಕಡ್ಡಿ, ಎರಡು ಮೈಗೂ ಕೊರೆದದ್ದು)

ಬೆರ್ಗೆನ್, ಉಪವಾಸ ಕಾಲದ ಮೊದಲ ವಾರ

ಮಗುವಿದೆ. ಹೆಣ್ಣು. ಹೆಸರು ಎಲಿನ್, ನಾಲ್ಕು ವರ್ಷ. ಅಪ್ಪ ಎಲ್ಲಿಗೆ ಹೋದರೂ ಜೊತೆಗೆ ಕರೆದೊಯ್ಯುತ್ತಾನಂತೆ. ನಾನು ಮಾಡುತ್ತೇನೆ.

ಇನ್ನೊಂದು. ಹಡಗು ಹತ್ತುವಾಗ ನೀನು ತಿರುಗಿ ನೋಡಲಿಲ್ಲ ಎಂದು ದಾದಿ ಹೇಳುತ್ತಾಳೆ. ನಿಜವಾ? ಮುಸುಕು ಹಾಕಿದವರು ಎಲ್ಲಿಗೂ ಬರುವಂತಿಲ್ಲ ಎಂದೂ ಹೇಳಿದಳು. ಹಾಗಿದ್ದರೆ ನೀನು ನನ್ನನ್ನು ಎರಡನೇ ಸಲ ಬಿಟ್ಟು ಹೋಗುತ್ತಿದ್ದೀಯ. ಸು.

*

ವೆಸ್ತರ್ಬಿ ಕನ್ಯಾಮಠ
ಗರಿಗಳ ಭಾನುವಾರ, ಈಸ್ಟರ್‌ಗೆ ಒಂದು ವಾರ ಮುಂಚೆ

ಸುನ್ನಿವಾ,

ದಾದಿಗೆ ಕಣ್ಣು ಮೊದಲಿನಿಂದಲೂ ಮಂಜು. ನಾನು ತಿರುಗಿ ನೋಡಿದೆ. ನೀನು ಅಳುತ್ತಿರಲಿಲ್ಲ. ಯಾರೋ ಕೈಗೆ ಬೆಣ್ಣೆ ಹಚ್ಚಿದ ಬಾರ್ಲಿ ರೊಟ್ಟಿ ಕೊಟ್ಟಿದ್ದರು, ತಿನ್ನುತ್ತಿದ್ದೆ. ಹಡಗು ಕಟ್ಟೆ ಬಿಡುತ್ತಿದ್ದರೂ ನಿನ್ನ ಗಮನ ರೊಟ್ಟಿಯ ಮೇಲೆ. ಏಳು ವರ್ಷದ ಕೂಸಿನ ಮೇಲೆ ಸಿಟ್ಟು ಮಾಡಿಕೊಳ್ಳುವವರುಂಟೇ? ನಾನು ಮಾಡಿಕೊಂಡೆ. ಮೂರು ನಾಲ್ಕು ವರ್ಷ ಆ ಸಿಟ್ಟಿನಲ್ಲೇ ಬದುಕಿದೆ. ಅದಿಲ್ಲದಿದ್ದರೆ ಬದುಕುತ್ತಿದ್ದೆನೋ ಇಲ್ಲವೋ.

ಎರಡನೇ ಮಾತಿಗೆ ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು. ನಿನ್ನೆ ಹಿರಿಯಮ್ಮನ ಹತ್ತಿರ ಹೋಗಿ, “ಈಸ್ಟರ್‌ಗೆ ಬೇಡ. ಮಗ್ಳನ್ನ ಒಂದ್ಸಲ ನೋಡ್ಕೊಂಡ್ ಬಂದು ಆಮೇಲೆ ಹಾಕ್ಕೋತೀನಿ” ಅಂದೆ.

ಹಿರಿಯಮ್ಮ ಬೋಥಿಲ್ ಸಿಹಿಮಾತಿನವರಲ್ಲ. “ನಿಮ್ಗೆ ತಲೆ ಕೆಟ್ಟಿದ್ಯಾ ಮಹಾರಾಣಿ? ನಿಮ್ ವಯಸ್ಸೇನು? ಹಲ್ಲು ನೆಟ್ಟಗಿದೆ, ಆಸ್ತಿ ನೆಟ್ಟಗಿದೆ. ತಲೆ ಮೇಲೆ ಮುಸುಕಿಲ್ದೆ ಆ ಬಾಗ್ಲು ದಾಟಿದ್ರೆ ಹದ್ದಿನ್ ಮುಂದೆ ಕೋಳಿಮರಿ ಬಿಟ್ಟಂಗೆ” ಅಂದರು.

“ನನ್ನಂಥ ಮುದಿಕೋಳಿನ ಯಾವ ಹದ್ದು ಮುಟ್ಟತ್ತೆ ಬಿಡಿ” ಅಂದೆ.

“ಹದ್ದಿಗೆ ರುಚಿ ಗೊತ್ತಾಗಲ್ಲಮ್ಮ, ಹಸಿವೊಂದೇ ಗೊತ್ತಾಗೋದು” ಅಂದರು. ಆದರೂ ಒಪ್ಪಿದರು. ಬೇಸಿಗೆಯ ನಡುವೆ, ಸಂತ ಓಲಾಫನ ಹಬ್ಬಕ್ಕೆ ಇಲ್ಲಿಂದ ಯಾತ್ರಿಕರ ಹಡಗು ನಾರ್ವೆಗೆ ಹೋಗುತ್ತದೆ. ಅದರಲ್ಲಿ ನನಗೂ ಜಾಗ ಹೇಳಿದ್ದಾರೆ. ಮುಸುಕು ಸುಗ್ಗಿಯ ನಂತರ.

ಬರುತ್ತೇನೆ. ಈ ಸಲ ಅಳಬೇಕೆಂದೇನೂ ಇಲ್ಲ, ಬಂದು ಕಟ್ಟೆಯ ಮೇಲೆ ನಿಂತಿರು ಸಾಕು.

ನಿನ್ನ ತಾಯಿ
ಹಾಲ್ದಿಸ್

*

ನದೀಮುಖದ ಬಿಡಾರ
ಈಸ್ಟರ್ ಕಳೆದು ಏಳು ವಾರ, ಪಂಚಾಶತ್ತಮ ಹಬ್ಬದ ಎರಡನೇ ದಿನ

ಅಮ್ಮಾ,

ಪಾದ್ರಿ ಬ್ರೂನೊಲ್ಫನ ಹಳೆಯ ಚರ್ಮದ ಹಾಳೆ ಕದ್ದು, ಅಕ್ಷರ ಕೆರೆದು ಅಳಿಸಿ ಬರೆಯುತ್ತಿದ್ದೇನೆ. ಕೆನ್ನೆ ಊದಿಕೊಂಡಿದೆ. ಆದರೆ ಆಯಿತು, ಆಯಿತು, ಆಯಿತು!

ಮಕ್ಕಳ ಸಾಲು ಬಯಲಲ್ಲೇ ಇತ್ತು, ಚರ್ಚಿನೊಳಗೆ ಜಾಗ ಸಾಲದೆ. ಒಂದು ಕಡೆ ನಮ್ಮ ಜನ, ಇನ್ನೊಂದು ಕಡೆ ಅವರ ಜನ, ನಡುವೆ ಬಿಷಪರು. ಎಲಿನ್ ತನ್ನ ದಾದಿಯ ಕೈ ಹಿಡಿದು ನಿಂತಿದ್ದಳು. ನಾನು ಮೆಲ್ಲಗೆ ಹೋಗಿ ದಾದಿಯ ಕಿವಿಯಲ್ಲಿ, “ನೀವ್ ಕೂತ್ಕೊಳ್ಳಿ ಅಮ್ಮ, ಕಾಲು ನೋವು ಅಂತಿದ್ರಲ್ಲ. ಹೆಂಗೂ ನಾಳೆಯಿಂದ ನಾನೇ ನೋಡ್ಕೋಬೇಕಲ್ವಾ” ಅಂದೆ. ಅವಳ ಕಣ್ಣಲ್ಲಿ ನೀರು ಬಂತು ಪಾಪ.

“ಬಾ ಪುಟ್ಟಿ, ನನ್ ಕಾಲ್ ಮೇಲೆ ಕಾಲಿಡು” ಅಂದೆ.

“ನಿನ್ ಜೋಡು ಚೆನ್ನಾಗಿದೆ” ಅಂದಳು.

“ನಿಂಗೇ ಕೊಡ್ತೀನಿ. ಮೊದ್ಲು ಕಾಲಿಡು.”

ಅಲ್ಗೋತ್ ನೋಡುತ್ತಿದ್ದ. ನೋಡಿ ಗಡ್ಡ ನೀವಿಕೊಂಡು, “ಈಗ್ಲೇ ತಾಯಿ ಹಂಗೆ ಹಿಡ್ಕೊಂಡವ್ಳೆ ನೋಡ್ರಪ್ಪಾ!” ಅಂದ. ಚಿಕ್ಕಪ್ಪ ಹೆಮ್ಮೆಯಿಂದ ಬೀಗಿದ. ಬಿಷಪರೂ ನಕ್ಕರು. ಎಲ್ಲರೂ ನಗುತ್ತಿರುವಾಗಲೇ ಹಣೆಗೆ ಎಣ್ಣೆ ಬಿತ್ತು, ಹೆಸರು ಹೇಳಿದ್ದಾಯಿತು, ಬಿಳಿ ಪಟ್ಟಿ ಕಟ್ಟಿದ್ದಾಯಿತು. ಎಣ್ಣೆಯ ಬಟ್ಟಲು ಹಿಡಿದಿದ್ದ ಎಳೆ ಪಾದ್ರಿಯೊಬ್ಬನಿಗೆ ಮೊದಲು ಹೊಳೆಯಿತು. ಅವನು ಬಿಷಪರ ತೋಳು ಜಗ್ಗಿದ. ಬಿಷಪರ ಮುಖ ನೋಡಬೇಕಿತ್ತು ನೀನು.

“ಅಯ್ಯೋ ದೇವ್ರೇ, ಏನ್ ಕೆಲ್ಸ ಆಗೋಯ್ತು!”

“ಏನಾಯ್ತು?” ಚಿಕ್ಕಪ್ಪ ಕೇಳಿದ. ಬಿಷಪರು ಹೇಳಿದರು. ಚಿಕ್ಕಪ್ಪ, “ಒರೆಸ್ಬಿಡ್ರೀ ಆ ಎಣ್ಣೇನ!” ಎಂದು ಕೂಗಿದ.

“ಒರೆಸಿದ್ರೆ ಹೋಗೋ ಎಣ್ಣೆ ಅಲ್ಲ ಪ್ರಭು ಅದು.”

ಆಮೇಲೆ ಚಿಕ್ಕಪ್ಪ ನನ್ನ ಕೆನ್ನೆಗೆ ಬಾರಿಸಿದ, ಎರಡು ರಾಜ್ಯದ ಜನರ ಮುಂದೆ. “ಬೇಕೂಂತ್ಲೇ ಮಾಡಿದ್ಯಾ ಕತ್ತೆ?” ಅಂದ. “ನಂಗೇನ್ ಗೊತ್ತು ಚಿಕ್ಕಪ್ಪ, ನಾನು ಹುಡ್ಗಿ” ಅಂದೆ. ಅಲ್ಗೋತ್ ಹತ್ತಿರ ಬಂದು ನನ್ನ ಗದ್ದ ಹಿಡಿದೆತ್ತಿ ನೋಡಿದ. ಅವನ ಕೈಗೆ ಕುದುರೆಯ ವಾಸನೆ. ಬಿಟ್ಟುಬಿಟ್ಟ.

ಎಲಿನ್‌ಗೆ ಜೋಡು ಕೊಟ್ಟೆ. ಬರಿಗಾಲಲ್ಲೇ ಬಿಡಾರಕ್ಕೆ ಬಂದೆ. ಈಗ ಗುಡಾರದಲ್ಲಿ ಇಬ್ಬರು ರಾಜರು, ಬಿಷಪರು, ಮೂವರೂ ಮಾತಾಡುತ್ತಿದ್ದಾರೆ. ಅಲ್ಗೋತ್ ಬರಿಗೈಯಲ್ಲಿ ಹೋಗುವುದಿಲ್ಲವಂತೆ. ಹೋದರೆ ಸುಗ್ಗಿಗೆ ಮೊದಲು ಯುದ್ಧವಂತೆ. ನನ್ನನ್ನು ಕರೆಸುತ್ತಿದ್ದಾರೆ, ನಿಲ್ಲಿಸುತ್ತೇನೆ.

ಬೇಗ ಬಾ.

ಸುನ್ನಿವಾ

*

ವೆಸ್ತರ್ಬಿ ಕನ್ಯಾಮಠ
ಸಂತ ಬೊಥುಲ್ಫನ ಹಬ್ಬ

ನನ್ನ ಕೂಸೇ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಹಿರಿಯಮ್ಮನಿಗೂ ಓದಿ ಹೇಳಿದೆ, ಬೈಯುತ್ತಾರೇನೋ ಎಂಬ ಹೆದರಿಕೆಯಿಂದಲೇ. ‘ಒರೆಸ್ಬಿಡ್ರೀ ಆ ಎಣ್ಣೇನ’ ಎಂಬಲ್ಲಿಗೆ ಬಂದಾಗ ಅವರು ಗೋಡೆ ಹಿಡಿದುಕೊಂಡು ನಕ್ಕರು. ನಾನು ಮಠಕ್ಕೆ ಬಂದ ಮೇಲೆ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ನಮ್ಮಮ್ಮ ತಪ್ಪಿಸಿಕೊಳ್ಳಲಿಲ್ಲ, ನಾನು ತಪ್ಪಿಸಿಕೊಳ್ಳಲಿಲ್ಲ, ನೀನು ತಪ್ಪಿಸಿಕೊಂಡೆ. ನನ್ನ ಹೊಟ್ಟೆ ತಣ್ಣಗಾಯಿತು.

ಹುಷಾರಾಗಿರು. ಅವರು ಏನಾದರೊಂದು ಕೇಳೇ ಕೇಳುತ್ತಾರೆ. ಯಾವುದಕ್ಕೂ ಹೂಂ ಅನ್ನಬೇಡ. ನಾನು ಬರುವವರೆಗೆ ಹೇಗಾದರೂ ದಿನ ತಳ್ಳು. ನನ್ನ ಪೆಟ್ಟಿಗೆ ಆಗಲೇ ಕಟ್ಟಿದ್ದೇನೆ. ನಿನಗೆಂದು ಜೋಡು ಹೊಲಿಸಿದ್ದೇನೆ. ಅಳತೆ ಗೊತ್ತಿಲ್ಲದೆ ನನ್ನ ಕಾಲಿನ ಅಳತೆಯನ್ನೇ ಕೊಟ್ಟೆ.

ನಿನ್ನ ಅಮ್ಮ

*

ಬೆರ್ಗೆನ್ ರಾಜಸದನ
ಸಂತ ಯೊಹಾನನ ಹಬ್ಬ

ಪ್ರೀತಿಯ ಅಮ್ಮನವರಿಗೆ,

ನಿಮಗೆ ಈ ಸುದ್ದಿ ಬೇರೆಯವರಿಂದ ತಿಳಿಯುವುದು ಬೇಡ ಎಂದು ಬರೆಯುತ್ತಿದ್ದೇನೆ. ಅಲ್ಗೋತ್ ರಾಜರು ನನ್ನ ಬದಲಿಗೆ ನಿಮ್ಮನ್ನು ಕೇಳಿದ್ದಾರೆ. ಚಿಕ್ಕಪ್ಪ ಒಪ್ಪಿದ್ದಾರೆ. ಡೇನರ ರಾಜರ ಹತ್ತಿರವೂ ಜನ ಹೋಗಿದ್ದಾರೆ, ಅವರೂ ಒಪ್ಪುತ್ತಾರಂತೆ. ಎಲ್ಲವನ್ನೂ ಅವರವರೇ ಗುಡಾರದಲ್ಲಿ ತೀರ್ಮಾನಿಸಿಬಿಟ್ಟರು. ನಾನು ಅತ್ತೆ, ಕಾಲು ಹಿಡಿದೆ. ನನ್ನ ಮಾತು ಯಾರೂ ಕೇಳಲಿಲ್ಲ.

ಯುದ್ಧ ತಪ್ಪಿತು ಎಂದು ಜನ ಸಂತೋಷವಾಗಿದ್ದಾರೆ. ಅಲ್ಗೋತ್ ರಾಜರು ಅಷ್ಟೇನೂ ಕೆಟ್ಟವರಲ್ಲ ಎಂದು ಹೇಳುತ್ತಾರೆ. ಮಗಳನ್ನು ತುಂಬಾ ಪ್ರೀತಿಸುತ್ತಾರೆ. ನೀವು ಧೈರ್ಯವಾಗಿರಬೇಕು.

ನಿಮ್ಮ ಮಗಳು
ಸುನ್ನಿವಾ

*

ಅಲ್ಗೋತ್ ರಾಜನ ಮನೆ, ಸ್ವೀಡನ್
ಸಕಲ ಸಂತರ ಹಬ್ಬ

ಸುನ್ನಿವಾ,

ನಿನ್ನ ಪತ್ರ ಬಂತು. ಆದರೆ ಅದಕ್ಕಿಂತ ಮೊದಲು ಜನ ಬಂದಿದ್ದರು.

ನಾನು ಎಲೆಕೋಸಿನ ಪಾತಿಯಲ್ಲಿದ್ದೆ. ಹೆಬ್ಬಾಗಿಲು ಬಡಿದ ಸದ್ದಿಗೆ, ಯಾತ್ರಿಕರ ಹಡಗಿನವನು ಪೆಟ್ಟಿಗೆ ಒಯ್ಯಲು ಬಂದನೆಂದುಕೊಂಡು ಕೈ ಕೂಡ ತೊಳೆಯದೆ ಓಡಿದೆ. ಕುದುರೆಗಳು ನಿಂತಿದ್ದವು. ಮಲಮಗನ ಮುದ್ರೆ ಇದ್ದ ಪತ್ರ ತೋರಿಸಿದರು. ಹಿರಿಯಮ್ಮ ಬೋಥಿಲ್ ಒಳಗಿನಿಂದ ಕಪ್ಪು ಮುಸುಕು ಹಿಡಿದುಕೊಂಡು ಓಡಿಬಂದರು. ಎಪ್ಪತ್ತು ವರ್ಷದ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. “ಬನ್ನಿ, ಒಳಗ್ ಬನ್ನಿ, ಈಗ್ಲೇ ಹಾಕ್ಬಿಡ್ತೀನಿ!” ಅಂದರು. ಜನರ ಮುಖಂಡ ಚರ್ಚಿನ ಬಾಗಿಲಿಗೆ ಅಡ್ಡ ನಿಂತು, “ತಡ ಆಯ್ತು ತಾಯಿ” ಅಂದ. ಒರಟನಲ್ಲ, ಟೋಪಿ ತೆಗೆದೇ ಹೇಳಿದ. ಹಿರಿಯಮ್ಮ ಅವನ ಎದೆಗೆ ಗುದ್ದಿದರು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಈಸ್ಟರ್ ತಪ್ಪಿಸಿದ್ದಕ್ಕೆ ಬೈದರೆ ಎಷ್ಟೋ ಚೆನ್ನಾಗಿತ್ತು, ಬೈಯಲಿಲ್ಲ.

ಮದುವೆಯ ಹಿಂದಿನ ದಿನದ ಊಟದಲ್ಲಿ ಬಿಷಪರು ನನ್ನ ಪಕ್ಕ ಕೂತಿದ್ದರು. ಅದೇ ಬಿಷಪರು, ಎಣ್ಣೆ ಹಚ್ಚಿದವರು. ಹಂದಿಮಾಂಸ ಚೆನ್ನಾಗಿತ್ತು, ಬಿಯರು ಇನ್ನೂ ಚೆನ್ನಾಗಿತ್ತು, ಅವರ ನಾಲಗೆ ಸಡಿಲವಾಯಿತು.

“ನಿಮ್ ಮಗ್ಳು ಬಲೇ ಜಾಣೆ ಮಹಾರಾಣಿ” ಅಂದರು. “ಗುಡಾರಕ್ ಕರೆಸಿದ್ವಿ. ತೋರ್ಗಿಲ್ಸ್ ಪ್ರಭುಗಳು ಮತ್ತೆ ಕೈ ಎತ್ತಿದ್ರು. ಹುಡ್ಗಿ ಕಣ್ಣು ಪಿಳುಕಿಸ್ಲಿಲ್ಲ. ‘ದ್ವೀಪಗಳು ನನ್ ಹೆಸ್ರಲ್ಲಿಲ್ಲ, ಅಮ್ಮನ ಹೆಸ್ರಲ್ಲಿವೆ. ಅಮ್ಮ ಇನ್ನೂ ಮುಸುಕು ಹಾಕಿಲ್ಲ. ಸುಗ್ಗಿವರ್ಗೂ ಹಾಕಲ್ಲ. ಅವ್ಳನ್ನೇ ಕರ್ಕೊಳ್ಳಿ, ಅವ್ಳಿಗೆ ಇದೆಲ್ಲಾ ಅಭ್ಯಾಸ ಇದೆ’ ಅಂದ್ಲು. ನಮ್ ಮೂರ್ ಜನಕ್ಕೂ ಹೊಳೆದಿರ್ಲಿಲ್ಲ ನೋಡಿ! ಕೊಂಬೆ ಕೇಳಿದ್ರೆ ಬುಡಾನೇ ಕಿತ್ತು ಕೊಟ್ಳು!” ಎಂದು ಮೇಜು ಕುಟ್ಟಿ ನಕ್ಕರು. ಅಲ್ಗೋತನೂ ನಕ್ಕ. ನನ್ನ ಕೈಯಲ್ಲಿ ರೊಟ್ಟಿಯ ತುಂಡಿತ್ತು. ತಿಂದೆ.

“ಆ ಎಣ್ಣೆ ನಂಟನ್ನ ಬಿಡ್ಸೋಕಾಗಲ್ವಾ ಗುರುಗಳೇ?” ಎಂದು ಕೇಳಿದೆ, ಸುಮ್ಮನೆ ಮಾತಿಗೆ ಕೇಳಿದ ಹಾಗೆ.

“ರೋಮಿಗ್ ಬರೆದ್ರೆ ಏನ್ ತಾನೇ ಬಿಡ್ಸೋಕಾಗಲ್ಲ? ವರ್ಷ ಹಿಡಿಯತ್ತೆ. ನೀವ್ ಏನಾದ್ರೂ ಒಲ್ಲೆ ಅಂದಿದ್ರೆ ಅದೇ ದಾರಿ ಹಿಡೀತಿದ್ವಿ” ಅಂದರು.

ಮರುದಿನ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದರು. ಈಗ ಹೊಸ ಪದ್ಧತಿ ಬಂದಿದೆಯಲ್ಲ, ಹೆಣ್ಣಿನ ಒಪ್ಪಿಗೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿಸಬೇಕು. ಬಿಷಪರು ಹಿಂದಿನ ದಿನದ ತಲೆನೋವಿನಲ್ಲೇ ಗಟ್ಟಿಯಾಗಿ, “ಹಾಲ್ದಿಸ್, ಇವರನ್ನ ಮದ್ವೆಯಾಗೋದಕ್ಕೆ ನಿನ್ನ ಮನಸ್ಸಿಗೆ ಒಪ್ಪಿಗೆಯಾ?” ಎಂದು ಕೇಳಿದರು. ಎರಡು ಮದುವೆಯಲ್ಲಿ ಕೇಳದ ಪ್ರಶ್ನೆ. ಒಲ್ಲೆ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು ಸುನ್ನಿವಾ. ಅಂದಿದ್ದರೆ ರೋಮಿಗೆ ಪತ್ರ ಹೋಗುತ್ತಿತ್ತು. ವರ್ಷ ಕಳೆದ ಮೇಲೆ ನಿನ್ನನ್ನು ಅದೇ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದರು. ಅದು ನಿನಗೆ ತಕ್ಕ ಶಾಸ್ತಿ ಅಂತಲೂ ಒಂದು ಗಳಿಗೆ ಅನ್ನಿಸಿತು. ಅನ್ನಿಸಲಿಲ್ಲ ಎಂದು ಸುಳ್ಳು ಬರೆಯಲಾರೆ. ಅಲ್ಗೋತ್ ಕೆಮ್ಮಿದ. ಜನ ಕತ್ತು ಉದ್ದ ಮಾಡಿದರು.

ಹೌದು ಅಂದೆ.

ಇಲ್ಲಿ ಊಟಕ್ಕೆ, ಬಟ್ಟೆಗೆ ತೊಂದರೆಯಿಲ್ಲ. ಅಲ್ಗೋತ್ ರಾಜ ನನ್ನನ್ನು ನನ್ನ ಹೆಸರಿನಿಂದಲೇ ಕರೆಯುತ್ತಾನೆ, ಅಷ್ಟರಮಟ್ಟಿಗೆ ಸುಧಾರಣೆ. ಬೆಳಗಿನ ಕೊಡುಗೆಯಾಗಿ ಒಂದು ಗಿರಣಿ ಕೊಟ್ಟ. ದ್ವೀಪಗಳಿಗೆ ಅವನ ದೋಣಿಗಳು ಹೋಗಿ ಆಗಲೇ ಬಲೆ ಬೀಸಿವೆ. ನಿನ್ನ ಜ್ಞಾನಮಗಳು ಎಲಿನ್ ಚೆನ್ನಾಗಿದ್ದಾಳೆ. ಅವಳನ್ನು ನೋಡಲು ಬರುವುದು ನಿನ್ನ ಹಕ್ಕು, ಯಾರೂ ತಡೆಯುವುದಿಲ್ಲ. ಬಂದರೆ ನಿನಗೆ ಮೇಲಿನ ಕೋಣೆ ತೆರವು ಮಾಡಿಸುತ್ತೇನೆ. ನಾನು ಆ ದಿನಗಳಲ್ಲಿ ಗಿರಣಿಯ ಕಡೆ ಇರುತ್ತೇನೆ.

ನೀನು ತಪ್ಪಿಸಿಕೊಂಡದ್ದು ಸರಿ. ನನ್ನನ್ನು ಕೊಟ್ಟದ್ದನ್ನೂ ನಾನು ಹೇಗೋ ನುಂಗಿಕೊಳ್ಳುತ್ತೇನೆ. ನಮ್ಮಪ್ಪ ಕೊಟ್ಟ, ನಿನ್ನ ಚಿಕ್ಕಪ್ಪ ಕೊಟ್ಟ, ಮೂರನೆಯದಾಗಿ ನೀನು ಕೊಟ್ಟೆ. ಆದರೆ ನಿನ್ನ ಹತ್ತಿರ ಚಾಕುವಿತ್ತು, ಕಡ್ಡಿಯಿತ್ತು. ‘ಅಮ್ಮ, ನನ್ನ ಬದಲು ನೀನು ಹೋಗುತ್ತೀಯಾ’ ಎಂದು ಒಂದು ಸಾಲು ಕೊರೆದು ಕಳಿಸಿದ್ದರೆ, ಅವರ ಕುದುರೆಗಳು ಬರುವ ಮೊದಲೇ ನಾನು ಮಠದ ಬಾಗಿಲಲ್ಲಿ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದೆ. ನೀನೂ ಕೇಳಲಿಲ್ಲ.

ಅಲ್ಗೋತ್ ರಾಜನ ಹೆಂಡತಿ
ಹಾಲ್ದಿಸ್